ಗ್ಯಾನಪ್ಪನ ನಾಡಿ

ನೂರೈವತ್ತು ಕಿಲೋಮೀಟರ್ ಆಚೆ ಇರುವ ಮನುಷ್ಯನ ಭಯವನ್ನು ಧಾರವಾಡದಲ್ಲಿ ಕೂತು ಅಳೆಯಬಹುದು ಎಂದು ಇಪ್ಪತ್ತು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಈಗ ಅದೇ ನನ್ನ ಉದ್ಯೋಗ. ಅಳೆಯುವುದು ಬಲು ಸುಲಭ. ಆ ಭಯ ಯಾರದು ಎಂದು ಕೇಳಬೇಕು ಅನ್ನುವ ಬುದ್ಧಿ ಮಾತ್ರ ನನಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲ.

ಸಿಡಿಮದ್ದು ಮುಟ್ಟುವ ಪ್ರತಿಯೊಬ್ಬನ ಮನಸ್ಸಿನ ಮೇಲೂ ಒಂದು ಕಣ್ಣಿರಬೇಕು ಎಂಬ ಕಾನೂನು ಬಂದು ಆಗ ಮೂರು ವರ್ಷವಾಗಿತ್ತು. ಕಲ್ಲಿನ ಕ್ವಾರಿಗಳಲ್ಲಿ ಮದ್ದು ತುಂಬಿ ಹಾರಿಸುವ ಬ್ಲಾಸ್ಟರುಗಳಿಗೆಲ್ಲ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಪಟ್ಟಿ ಕೊಟ್ಟರು. ನಾಡಿ, ಬೆವರು, ಚರ್ಮದ ಬಿಸಿ, ಕೈಯ ಅಲುಗಾಟ, ನಿದ್ದೆ ಇವೆಲ್ಲ ಅದರ ಹೊಟ್ಟೆಗೆ ಬಿದ್ದು ನಮ್ಮ ತೆರೆಯ ಮೇಲೆ ಗೆರೆಗಳಾಗಿ ಬರುತ್ತಿದ್ದವು. ಒಬ್ಬೊಬ್ಬರ ನಾಡಿಗೂ ಒಂದೊಂದು ಆಕಾರವಿರುತ್ತದೆ. ಮೊದಲ ವಾರ ಪಟ್ಟಿ ಅದನ್ನು ಕಲಿತುಕೊಂಡು ಬೀಗ ಹಾಕಿಕೊಳ್ಳುತ್ತದೆ, ಆಮೇಲೆ ಬೇರೆಯವರ ಕೈಗೆ ಕಟ್ಟಿದರೆ ಕೂಗಿಕೊಳ್ಳುತ್ತದೆ. ದಿನಾ ಮುಂಜಾನೆ ಏಳಕ್ಕೆ ಅದರೊಳಗಿಂದ ನನ್ನದೇ ಧ್ವನಿ ಐದು ಪ್ರಶ್ನೆ ಕೇಳುತ್ತಿತ್ತು: ನಿದ್ದೆ ಬಂತೇ, ಸಿಟ್ಟು ಬಂತೇ, ಹೀಗೆ. ಗುಂಡಿಯನ್ನು ಒಮ್ಮೆ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಇಲ್ಲ. ಐದು ಸೆಕೆಂಡು ಒತ್ತಿ ಹಿಡಿದರೆ ನಮ್ಮ ಕೊಠಡಿಗೆ ಲೈನು ತೆರೆಯುತ್ತದೆ.

ಕಾರ್ಮಿಕರ ಸಂಘ ಸುಮ್ಮನೆ ಒಪ್ಪಲಿಲ್ಲ. ಪಟ್ಟಿ ಎಲ್ಲಿದೆ ಎಂದು ತೋರಿಸಬಾರದು, ಮಾತನ್ನು ದಾಖಲು ಮಾಡಬಾರದು ಎಂದು ಬರೆಸಿಕೊಂಡೇ ಒಪ್ಪಿತು. ಮದ್ದಿನ ಹತ್ತಿರ ರೇಡಿಯೋ ಇರುವ ಯಾವುದನ್ನೂ ಬಿಡುವುದಿಲ್ಲವಾದ್ದರಿಂದ ಕ್ವಾರಿಯ ಹೊತ್ತಿನಲ್ಲಿ ಪಟ್ಟಿ ಮನೆಯಲ್ಲೇ ಇರಬೇಕು. ಹಗಲಿನ ಲೆಕ್ಕವನ್ನು ನಮ್ಮ ಯಂತ್ರ ಕಸವೆಂದು ಎಸೆದುಬಿಡುತ್ತಿತ್ತು. ಎಲ್ಲರೂ ಎಲ್ಲವನ್ನೂ ಯೋಚಿಸಿ ಮಾಡಿದ್ದರು. ಈ ಮಾತು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಕುಷ್ಟಗಿ ಕಡೆಯ ಒಂದು ಗ್ರಾನೈಟ್ ಕ್ವಾರಿಯ ಬ್ಲಾಸ್ಟರ್ ಗ್ಯಾನಪ್ಪ ನನ್ನ ಪಾಲಿಗೆ ಬಂದ ನಲವತ್ತು ಜನರಲ್ಲಿ ಒಬ್ಬ. ಹಗಲೆಲ್ಲ ಮದ್ದಿನ ಜೊತೆ ಬದುಕುವ ಆ ಮನುಷ್ಯನ ನಾಡಿ ರಾತ್ರಿಯೂ ಬೆಳಗ್ಗೆಯೂ ಹಸುವಿನಂತೆ ಶಾಂತ. ಸಂಜೆ ಏಳು ಹತ್ತಕ್ಕೆ ಮಾತ್ರ ಅದು ಗಾಬರಿಬಿದ್ದು ಏರತೊಡಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ವಿಡಿಯೋದಲ್ಲಿ ಮಾತಾಡುವುದು ನಿಯಮ. ಆವತ್ತು ನಾನೇ ಶುರು ಮಾಡಿದೆ.

"ದಿನಾ ಸಂಜಿಮುಂದ ಏಳ ಹತ್ತಕ್ಕ ನಿಮ್ಮ ಎದಿ ಹೊಡಕೊಳ್ಳಾಕ ಚಾಲೂ ಆಗತದ, ಗ್ಯಾನಪ್ಪ. ಏಳೂವರಿಗೆ ನೂರಾ ನಲವತ್ತ ದಾಟತದ. ಆ ಹೊತ್ತಿಗೆ ಏನ ನೆನಪಾಗತದ ನಿಮಗ?"

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಚಂದದ ಮುಖ, ಕೈ ಜೋಡಿಸಿಯೇ ಮಾತಾಡುವ ಗಂಡಸು. ಕಣ್ಣಲ್ಲಿ ನೀರು ಬಂತು.

"ಮಲ್ಲಪ್ಪ ನೆನಪಾಗತಾನ್ರೀ ಮೇಡಂ. ಮದ್ದು ಹಾರಿದಾಗ ಅವನ ತೆಲಿ ನನ್ನ ಕಾಲಾಗ ಬಂದ ಬಿದ್ದಿತ್ತರೀ. ಅಷ್ಟ ಬರೋಬರಿ ಟೈಮ್ ನಿಮಗ ಕಾಣಸತದೇನ್ರೀ ಅದರಾಗ?"

"ನಿಮಿಷ ನಿಮಿಷಕ್ಕೂ ಕಾಣಸತದ," ಎಂದು ನಾನು ಹೆಮ್ಮೆಯಿಂದ ಹೇಳಿದೆ. ವರದಿಯಲ್ಲಿ ಬರೆದೆ: ಜೊತೆಗಾರನ ಸಾವಿನ ಆಘಾತ, ಮನೆಯಲ್ಲಿಯೂ ನಿರಂತರ ಭಯ, ಸ್ವಭಾವ ಸೌಮ್ಯ. ಕೆಳಗೆ ನನ್ನ ಸಹಿ, ಸುಮಿತ್ರಾ ಬಡಿಗೇರ.

ಎರಡು ವಾರದಲ್ಲಿ ಸಂಜೆಯ ಗಾಬರಿ ಮಾಯವಾಯಿತು. ಉಸಿರಾಟದ ಅಭ್ಯಾಸ ಹೇಳಿಕೊಟ್ಟಿದ್ದೆನಲ್ಲ, ಅದರ ಪ್ರತಾಪ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ತಿಂಗಳ ಸಭೆಯಲ್ಲಿ ಅವನ ಗೆರೆಯನ್ನು ಗೋಡೆಯ ಮೇಲೆ ಹಾಕಿ ಎಲ್ಲರಿಗೂ ತೋರಿಸಿದೆ. ಚಪ್ಪಾಳೆ ಬಿತ್ತು.

ಒಂದು ಭಾನುವಾರ ಬೆಳಗ್ಗೆ ಮನೆಯಲ್ಲಿ ಅತ್ತೆ ಮೆಂತ್ಯಸೊಪ್ಪು ಸೋಸುತ್ತ ಕೂತಿದ್ದರು. ಹೆಸರು ಹೇಳದೆ ಅವರ ಮುಂದೆಯೂ ನನ್ನ ಪೌರುಷ ಕೊಚ್ಚಿಕೊಂಡೆ. ಎಪ್ಪತ್ತಾರರ ನಮ್ಮ ಅತ್ತೆ ಚಂಪಕ್ಕ ಕಡಿಮೆ ಮಾತಿನವರು. ಕೇಳಿಸಿಕೊಂಡು ಒಂದು ಕಡ್ಡಿ ಮುರಿದು ಪಕ್ಕಕ್ಕಿಟ್ಟರು.

"ಏಳ ಹತ್ತಕ್ಕ ಅವಾ ಎಲ್ಲಿರತಾನ?"

"ಕ್ವಾರಿಯಿಂದ ಮನಿಗೆ ಬರೂ ಹೊತ್ತರೀ ಅತ್ತಿ ಅದು."

"ತನ್ನ ಮನಿಗೆ ತಾ ಬರಾಕ ಅವಂಗ್ಯಾಕ ಅಂಜಿಕಿ? ಅಂಜಾಕಿ ಮನಿಯಾಗ ಇರತಾಳ."

ನಾನು ನಕ್ಕೆ. ಪಟ್ಟಿ ಅವನ ಕೈಯಲ್ಲಿದೆ, ಅವಳ ಕೈಯಲ್ಲಲ್ಲ ಎಂದೆ. ಅತ್ತೆ ನಗಲಿಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತ ಮಾವನ ಫೋಟೋ ಕಡೆ ಗದ್ದ ತೋರಿಸಿದರು.

"ಇವರ ಸೈಕಲ್ಲಿನ ಚೈನಿನ ಸಪ್ಪಳ ಓಣಿ ತುದಿಗೆ ಕೇಳಿಸಿತಂದ್ರ ನನ್ನ ಎದಿ ಹಂಗ ಹೊಡಕೋತಿತ್ತ ನೋಡವ. ಹೊಡಿಯಾವನ ಎದಿ ಹೊಡಕೊಳ್ಳೂದಿಲ್ಲ. ಬೆಲ್ಟ್ ಬಿಚ್ಚೂಮುಂದ ಇವರ ಮಾರಿ ಎಷ್ಟ ತಣ್ಣಗ ಇರತಿತ್ತಂತಿ!"

ಹದಿನೆಂಟು ವರ್ಷ ಆ ಮನೆಯಲ್ಲಿದ್ದೆ. ಪ್ರತಿ ಹಬ್ಬಕ್ಕೂ ಆ ಫೋಟೋಗೆ ಕುಂಕುಮ ಹಚ್ಚಿದ್ದೆ. ಮನಸ್ಸಿನ ಡಾಕ್ಟರಮ್ಮ ಎಂದು ಊರವರಿಂದೆಲ್ಲ ಕರೆಸಿಕೊಂಡಿದ್ದೆ. ಎದುರಿಗೆ ಕೂತ ಹೆಂಗಸಿನ ಬೆನ್ನಿನ ಮೇಲೆ ಏನಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಸೋಮವಾರ ಕೊಠಡಿಗೆ ಹೋದವಳೇ ನಮ್ಮ ಇಂಜಿನಿಯರ್ ಇಮ್ತಿಯಾಜ್ ನದಾಫನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಸಂಜೆಯ ಗಾಬರಿ ನಿಂತ ದಿನದಿಂದ ಗೆರೆಯನ್ನು ಬಿಡಿಸಿ ನೋಡಿದೆವು. ಗಾಬರಿ ನಿಂತಿರಲಿಲ್ಲ. ಗೆರೆಯೇ ಇರಲಿಲ್ಲ. ಏಳು ಹತ್ತಕ್ಕೆ ಪಟ್ಟಿ ಕೈಬಿಟ್ಟು ಚಾರ್ಜಿಗೆ ಹೋಗುತ್ತಿತ್ತು. ದಿನಕ್ಕೆ ನಲವತ್ತು ನಿಮಿಷ ಚಾರ್ಜಿಗೆ ನಾವೇ ಬಿಟ್ಟ ಬಿಡುವು ಅದು. ಏಳು ಐವತ್ತಕ್ಕೆ ಮತ್ತೆ ಕೈಗೆ ಬಂದಾಗ ನಾಡಿ ನೂರಾ ಮೂವತ್ತರ ಮೇಲೆ. ಇಳಿಯಲು ಎರಡು ತಾಸು ಹಿಡಿಯುತ್ತಿತ್ತು. ಏಳೂವರೆಯ ಏರಿಕೆ ಇಲ್ಲದ್ದನ್ನಷ್ಟೇ ನೋಡಿ ಬೀಗಿದ್ದ ನಾನು ಅದರ ಮುಂದಿನದನ್ನು ನೋಡಿರಲೇ ಇಲ್ಲ. ಕೆಲವು ದಿನ ನಾಡಿಯ ನಡುವೆ ಕೈ ಝಾಡಿಸಿದ ಗುರುತು, ಅಳುವವರ ಉಸಿರಿನ ಏರಿಳಿತ.

ನಿಮಿಷ ನಿಮಿಷಕ್ಕೂ ಕಾಣುತ್ತದೆ ಎಂದು ಅವನಿಗೆ ಹೇಳಿದವಳು ನಾನು. ಯಾವ ನಲವತ್ತು ನಿಮಿಷ ಬಚ್ಚಿಡಬೇಕು ಎಂದು ಗಡಿಯಾರ ಹಿಡಿದು ಕಲಿಸಿದವಳೂ ನಾನೇ.

"ಹಗಲಿನ ಲೆಕ್ಕ ಕಸದಾಗ ಇರತದ ಮೇಡಂ, ತಗದ ನೋಡೂಣು," ಎಂದ ಇಮ್ತಿಯಾಜ್. ತೆಗೆದ. ಗ್ಯಾನಪ್ಪ ಕ್ವಾರಿಯಲ್ಲಿ ಬಂಡೆಗೆ ಮದ್ದು ತುಂಬುತ್ತಿರಬೇಕಾದ ಮಟಮಟ ಮಧ್ಯಾಹ್ನ, ಮನೆಯಲ್ಲಿ ಬಿದ್ದಿರಬೇಕಾದ ಪಟ್ಟಿಯೊಳಗೆ ಒಂದು ನಾಡಿ ಹೊಡೆದುಕೊಳ್ಳುತ್ತಿತ್ತು. ಆ ಕೈ ನೀರು ಸೇದುತ್ತಿತ್ತು, ರೊಟ್ಟಿ ಬಡಿಯುತ್ತಿತ್ತು.

ಗಂಡಸರ ಕಡತದಲ್ಲಿ ಚರ್ಮದ ಬಿಸಿಯ ತಿಂಗಳುದ್ದದ ಗೆರೆ ತೋರಿಸುವುದಿಲ್ಲ. ಬ್ಲಾಸ್ಟರುಗಳೆಲ್ಲ ಗಂಡಸರೇ ಎಂದು ಯಾರೋ ಅದನ್ನು ಮುಚ್ಚಿಟ್ಟಿದ್ದರು. ತೆರೆಸಿದೆ. ಹದಿನಾಲ್ಕು ದಿನ ತಗ್ಗು, ಹದಿನಾಲ್ಕು ದಿನ ಎತ್ತರ, ಮತ್ತೆ ತಗ್ಗು. ಮುಟ್ಟಾಗುವ ಮೈಯಲ್ಲಿ ಮಾತ್ರ ತಿಂಗಳು ತಿಂಗಳೂ ಏರಿ ಇಳಿಯುವ ಬಿಸಿ ಅದು. ಪಟ್ಟಿ ಆ ಮನೆಗೆ ಹೋದ ಎಂಟು ತಿಂಗಳಲ್ಲಿ ಏಳು ಸಲ ಹಾಗೆ ಬಂದಿತ್ತು. ಎಂಟನೆಯ ಸಲ ಏರಿದ್ದು ಇಳಿದಿರಲಿಲ್ಲ. ತಿಂಗಳು ಕಳೆದರೂ ಎತ್ತರದಲ್ಲೇ ನಿಂತಿತ್ತು.

"ಇದರ ಅರ್ಥ ಏನ್ರೀ ಮೇಡಂ?" ಎಂದ ಇಮ್ತಿಯಾಜ್.

"ಬಸರಾಗ್ಯಾಳ," ಎಂದೆ. "ಬಸರಿದ್ದಾಕಿನ್ನ ಹೊಡಿಯಾಕತ್ತಾನ."

ಕಡತದಲ್ಲಿ ಹೆಂಡತಿಯ ಹೆಸರಿತ್ತು: ಹುಲಿಗೆಮ್ಮ, ಇಪ್ಪತ್ತಾರು ವರ್ಷ. ಆಮೇಲೆ ಆಕೆಯೇ ನನಗೆ ಹೇಳಿದ್ದು: ಪಟ್ಟಿಯ ಡಬ್ಬಿ ಮನೆಗೆ ಬಂದ ದಿನವೇ ಅವನು ಅದನ್ನು ಅವಳ ಕೈಗೆ ಕಟ್ಟಿದನಂತೆ. "ನನ್ನ ಕೈಯಾಗಿದ್ರ ವಾರದಾಗ ನನ್ನ ಕೆಲಸ ಹೋಗತದ. ನೀ ತಣ್ಣಗಿರತಿ, ನೀನ ಕಟಗೋ. ತಗದಿ ಅಂದ್ರ ಕೈ ಕಡೀತೀನಿ." ಮುಂಜಾನೆಯ ಪ್ರಶ್ನೆಗಳಿಗೆ ಅವನು ಹಲ್ಲುಜ್ಜುತ್ತ ಉತ್ತರ ಹೇಳುತ್ತಿದ್ದ, ಅವಳು ಗುಂಡಿ ಒತ್ತುತ್ತಿದ್ದಳು. ಪಟ್ಟಿ ಬೀಗ ಹಾಕಿಕೊಂಡದ್ದು ಅವಳ ನಾಡಿಗೆ. ಇನ್ನು ಕೂಗಿಕೊಳ್ಳುವುದೆಲ್ಲಿಂದ ಬಂತು?

ಗಡಿಯಾರದಲ್ಲಿ ಹನ್ನೊಂದಾಗಿತ್ತು. ಅವನು ಕ್ವಾರಿಯಲ್ಲಿರುವ ಹೊತ್ತು. ನಾನು ಆ ಒಂದು ಪಟ್ಟಿಗೆ ಮಾತ್ರ ಧ್ವನಿ ಜೋಡಿಸಿಕೊಂಡೆ.

"ಹುಲಿಗೆಮ್ಮ, ನಾ ದಿನಾ ಮುಂಜಾನೆ ಪ್ರಶ್ನಾ ಕೇಳಾಕಿ. ಅಂಜಬ್ಯಾಡ್ರಿ. ಮನಿಯಾಗ ಬ್ಯಾರೆ ಯಾರರ ಅದಾರೇನು?"

ತೆರೆಯ ಮೇಲೆ ನಾಡಿ ಎಪ್ಪತ್ತೆಂಟರಿಂದ ನೂರಾ ಇಪ್ಪತ್ತಕ್ಕೆ ಹಾರಿತು. ಎರಡು ಒತ್ತು: ಇಲ್ಲ.

"ಈ ಪಟ್ಟಿ ಮದಲಿಂದ ನಿಮ್ಮ ಕೈಯಾಗ ಐತೇನು?"

ಒಂದು ನಿಮಿಷ ಏನೂ ಇಲ್ಲ. ಆಮೇಲೆ ಒಂದು ಒತ್ತು.

"ಹೊಡಿತಾನೇನವಾ?"

ಇಲ್ಲ. ಇಲ್ಲ ಎಂದ ಬೆರಳಿನ ಪಕ್ಕದಲ್ಲೇ ನಾಡಿ ನೂರಾ ನಲವತ್ತಕ್ಕೆ ಮುಟ್ಟಿತ್ತು. ಇಮ್ತಿಯಾಜ್ ಮುಖ ಆಚೆ ತಿರುಗಿಸಿದ.

"ಈ ಸಲ ಮುಟ್ಟ ಆಗಿಲ್ಲ ಹೌದಲ್ಲ? ನೀವು ಬಸರ ಇದ್ದಂಗ ಕಾಣತದ."

ಬಹಳ ಹೊತ್ತು ಗುಂಡಿ ಅಲುಗಲಿಲ್ಲ. ನಾಡಿ ಮಾತ್ರ ನಿಧಾನವಾಗಿ ಇಳಿಯಿತು. ಅವಳು ಎಲ್ಲಿಯೋ ಕೂತಳು ಎಂದು ಪಟ್ಟಿ ತೋರಿಸಿತು. ಒಂದು ಒತ್ತು.

ಮಂದಿ ಕಳಿಸಲೇ ಎಂದೆ. ಇಲ್ಲ. ಮತ್ತೆ ಕೇಳಿದೆ. ಇಲ್ಲ, ಇಲ್ಲ. ಊರಿನ ಆಶಾ ಕಾರ್ಯಕರ್ತೆ ಬಸಲಿಂಗಮ್ಮ ನಾಲ್ಕು ಗಂಟೆಗೆ ಮನೆಮನೆ ಲೆಕ್ಕ ಬರೆದುಕೊಳ್ಳುವವರ ಹಾಗೆ ಬರುತ್ತಾಳೆ, ಅವಳ ಜೊತೆ ಹೊರಟುಬಿಡಿ, ಅವನು ಬರುವಷ್ಟರಲ್ಲಿ ನೀವು ನಮ್ಮ ಕಡೆ ಇರುತ್ತೀರಿ ಎಂದು ಬೇಡಿಕೊಂಡೆ. ಕಡೆಗೆ ಒಂದು ಒತ್ತು ಬಂತು. ನನಗೆ ಕುಣಿಯಬೇಕು ಅನ್ನಿಸಿತು.

ಬಸಲಿಂಗಮ್ಮನಿಗೆ ಫೋನು ಮಾಡಿದೆ, ಪೊಲೀಸರಿಗೆ ಬರೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಫಾರಂ ಅರ್ಧಕ್ಕೆ ಬಿಟ್ಟು ಎದ್ದು ಗೊತ್ತಿಲ್ಲದವಳು ನಾನು. ಇಪ್ಪತ್ತು ವರ್ಷದ ಚಟ ಅದು. ಕಡತದ ಕೊನೆಯ ಚೌಕದಲ್ಲಿ 'ಪಟ್ಟಿ ಬೇರೆಯವರ ಕೈಯಲ್ಲಿದೆ' ಎಂಬುದಕ್ಕೆ ಗುರುತು ಹಾಕಿ ಮುಚ್ಚಿದೆ. ಗುರುತು ಬಿದ್ದ ಕೂಡಲೇ ಯಂತ್ರ ತಾನಾಗಿ ನೋಂದಾಯಿತ ಮೊಬೈಲಿಗೆ ಒಂದು ಸಂದೇಶ ಕಳಿಸುತ್ತದೆ. ಅದು ನನಗೆ ಗೊತ್ತಿತ್ತು. ತರಬೇತಿಯಲ್ಲಿ ನಾನೇ ಹತ್ತು ಜನಕ್ಕೆ ಹೇಳಿಕೊಟ್ಟಿದ್ದೆ. ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಊಟದ ಬಿಡುವಿಗೆ ಕ್ವಾರಿಯ ಗೇಟಿನಲ್ಲಿ ಗ್ಯಾನಪ್ಪ ತನ್ನ ಮೊಬೈಲು ತೆಗೆದುಕೊಂಡು ಓದಿದ. ಒಂದೂ ಹತ್ತಕ್ಕೆ ಮನೆಯಲ್ಲಿದ್ದ.

ನಮ್ಮ ಕೊಠಡಿಯಲ್ಲಿ ಕೆಂಪು ದೀಪ ಹತ್ತಿತು. ಹುಲಿಗೆಮ್ಮ ಗುಂಡಿ ಒತ್ತಿ ಹಿಡಿದಿದ್ದಳು. ಲೈನು ತೆರೆದಾಗ ಮೊದಲು ಕೇಳಿದ್ದು ತಾಮ್ರದ ಕೊಡ ಉರುಳಿದ ಸದ್ದು. ಆಮೇಲೆ ಹೊಡೆತ. ಮೈಗೆ ಬೀಳುವ ಹೊಡೆತ ಇಷ್ಟು ಮೆತ್ತಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ತಲೆ ಗೋಡೆಗೆ ಬಡಿದದ್ದು ಮಾತ್ರ ಗಟ್ಟಿಯಾಗಿ ಕೇಳಿಸಿತು, ಒಂದಾದ ಮೇಲೊಂದು ಮೂರು ಸಲ.

"ಯಾರಿಗೆ ಹೇಳಿದಿ? ಬೊಗಳ, ಯಾರಿಗೆ ಹೇಳಿದಿ?"

"ಇಲ್ರೀ, ಇಲ್ರೀ, ಹೊಟ್ಟಿಗೆ ಒದೀಬ್ಯಾಡ್ರಿ, ನಿಮ್ಮ ಕಾಲ ಹಿಡಕೋತೀನಿ, ಹೊಟ್ಟಿಗೆ ಬ್ಯಾಡ್ರಿ…"

ಬ್ಯಾಡ ಎಂದ ಕಡೆಗೇ ಒದ್ದ. ಅವಳ ಬಾಯಿಂದ ಬಂದದ್ದು ಮನುಷ್ಯರ ಕೂಗಾಗಿರಲಿಲ್ಲ. ಇಮ್ತಿಯಾಜ್ ಪೊಲೀಸರ ಫೋನಿಗೆ ಕಿರುಚುತ್ತಿದ್ದ. ಠಾಣೆ ಹದಿನೆಂಟು ಕಿಲೋಮೀಟರ್ ದೂರ. ನಾನು ಮೈಕಿಗೆ ಬಾಯಿಟ್ಟು ಕೂಗಿದೆ:

"ಗ್ಯಾನಪ್ಪ! ಕೈ ತಗಿ! ನಾ ಎಲ್ಲಾ ಕೇಳಾಕತ್ತೀನಿ!"

ಒಂದು ಗಳಿಗೆ ಎಲ್ಲ ನಿಂತಿತು. ಅವನ ಉಸಿರು ಹತ್ತಿರ ಬಂತು. ಮಾತಾಡಿದಾಗ ಧ್ವನಿ ಅದೇ ವಿಡಿಯೋದ ಧ್ವನಿ, ಅಷ್ಟೇ ಮರ್ಯಾದೆ.

"ಮೇಡಂ ಏನ್ರೀ? ಏಳ ಹತ್ತಕ್ಕ ಎದಿ ಹೊಡಕೋತದಂತ ನೀವ ಹೇಳಿದ್ರೆಲ್ಲ. ಈಗ ಎಷ್ಟೈತಿ ನೋಡಿ ಹೇಳ್ರಿ."

ನೂರಾ ಎಪ್ಪತ್ತೊಂದು ಇತ್ತು. ನಾನು ಹೇಳಲಿಲ್ಲ. ಬೈದೆ, ಗೋಗರೆದೆ, ಮಲ್ಲಪ್ಪನ ಆಣೆ ಹಾಕಿದೆ. ಕಲ್ಲು ಒಡೆಯುವ ಸುತ್ತಿಗೆಯನ್ನು ಅವನು ಮೂಲೆಯಿಂದ ಎಳೆದ ಸದ್ದು ಕೇಳಿಸಿತು. ಪಟ್ಟಿಯನ್ನು ಕೈಯಿಂದ ಬಿಚ್ಚುವ ಗೋಜಿಗೆ ಅವನು ಹೋಗಲಿಲ್ಲ. ಅವಳ ಕೈಯನ್ನು ಕಲ್ಲುಹಾಸಿನ ಮೇಲೆ ಕಾಲಿಂದ ತುಳಿದು ಹಿಡಿದು ಪಟ್ಟಿಯ ಮೇಲೆಯೇ ಹೊಡೆದ. ಎರಡನೆಯ ಪೆಟ್ಟಿಗೆ ಲೈನು ಸತ್ತಿತು. ತೆರೆಯ ಮೇಲಿನ ಗೆರೆ ಮುಂದೆ ಹೋಗಲಿಲ್ಲ.

ಬಸಲಿಂಗಮ್ಮ ಎರಡು ಓಣಿ ಆಚೆಯಿಂದ ಓಡಿದಳು. ಒಳಗೆ ಚಿಲಕ ಹಾಕಿತ್ತು. ಜೆಲ್ಲಿ ಒಡೆಯುವ ಹೆಂಗಸರು ನಾಲ್ಕು ಜನ ಊಟಕ್ಕೆ ಕೂತಿದ್ದವರು ಕೈ ತೊಳೆಯದೆ ಎದ್ದು ಬಂದು ತಮ್ಮ ಸುತ್ತಿಗೆಯಿಂದಲೇ ಬಾಗಿಲು ಮುರಿದರು. ಗ್ಯಾನಪ್ಪನ ಮಂಡಿಗೆ ಆಮೇಲೆ ಎರಡು ಸಲ ಆಪರೇಷನ್ ಆಯಿತು. ಮಂಡಿ ಒಡೆದದ್ದು ಯಾರು ಎಂದು ಆ ನಾಲ್ವರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ಅದನ್ನು ಕೇಳಿ ನನಗೆ ಸಂತೋಷವಾಯಿತು, ಈಗಲೂ ಆಗುತ್ತದೆ.

ಹುಲಿಗೆಮ್ಮ ಉಳಿದಳು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ.

ವಿಚಾರಣೆ ಜಿಲ್ಲಾ ಕೋರ್ಟಿನಲ್ಲಿ ಹತ್ತು ತಿಂಗಳ ಮೇಲೆ ಬಂತು. ಕೊಲೆ ಯತ್ನದ ಕೇಸು. ನಾನು ಸಾಕ್ಷಿ. ಲೈನಿನಲ್ಲಿ ಕೇಳಿದ ಮಾತು ಎಲ್ಲಿಯೂ ದಾಖಲಾಗಿರಲಿಲ್ಲ, ಸಂಘದ ಷರತ್ತು ಹಾಗಿತ್ತು. ಯಂತ್ರವೇ ಕಸವೆಂದು ಎಸೆದ ಹಗಲಿನ ಲೆಕ್ಕವನ್ನೂ ಕೋರ್ಟು ಒಪ್ಪಲಿಲ್ಲ. ನಾಲ್ವರು ಹೆಂಗಸರ ಸಾಕ್ಷಿ ಬಾಗಿಲು ಮುರಿದ ಮೇಲಿನದು. ಅವನ ವಕೀಲರು ನನ್ನ ವರದಿಗಳ ಕಟ್ಟನ್ನು ಎತ್ತಿ ಹಿಡಿದರು.

"ಮನೆಯಲ್ಲಿಯೂ ನಿರಂತರ ಭಯ, ಸ್ವಭಾವ ಸೌಮ್ಯ. ಇದು ತಮ್ಮದೇ ಸಹಿಯಲ್ಲವೇ ಡಾಕ್ಟರೇ?"

"ಹೌದು."

"ಪಟ್ಟಿ ಬೇರೆಯವರ ಕೈಗೆ ಹೋದರೆ ಕೂಗಿಕೊಳ್ಳುತ್ತದೆ ಎಂದು ತಮ್ಮ ಕೇಂದ್ರವೇ ಬರೆದು ಕೊಟ್ಟಿದೆ. ಎಂಟು ತಿಂಗಳಲ್ಲಿ ಒಂದು ಸಲವಾದರೂ ಕೂಗಿತೇ?"

"ಇಲ್ಲ."

"ಅಂದಮೇಲೆ ಪಟ್ಟಿ ನನ್ನ ಕಕ್ಷಿದಾರನ ಕೈಯಲ್ಲೇ ಇತ್ತು. ಮಹಾಸ್ವಾಮಿ, ಈ ಎಂಟು ತಿಂಗಳ ಭಯವೆಲ್ಲ ಈ ಬಡಪಾಯಿಯದು. ಹೆಂಡತಿಯ ಕಾಟಕ್ಕೆ ನಡುಗಿ ನಡುಗಿ ಕಡೆಗೆ ಒಂದು ದಿನ ತನ್ನ ಜೀವ ಉಳಿಸಿಕೊಳ್ಳಲು ಕೈ ಎತ್ತಿದ್ದಾನೆ. ಆ ದಿನ ಪಟ್ಟಿಯನ್ನು ಅವನ ಕೈಯಿಂದ ಕಿತ್ತುಕೊಂಡವಳು ಅವಳು."

ಗ್ಯಾನಪ್ಪ ಊರುಗೋಲಿನ ಮೇಲೆ ಕೈ ಜೋಡಿಸಿಕೊಂಡು ತಲೆ ತಗ್ಗಿಸಿದ್ದ. ಒಂದೊಂದು ಗೆರೆಯ ಮೇಲೂ ಅವನ ಹೆಸರಿತ್ತು. ಆ ಹೆಂಗಸು ಉಂಡ ಅಷ್ಟೂ ಏಟು ಕಾಗದದ ಮೇಲೆ ಅವನ ಸಂಕಟವಾಗಿ ಕೂತಿತ್ತು, ಅದರ ಕೆಳಗೆ ನನ್ನ ಸಹಿ. ನನ್ನ ಕಿವಿ ಬಿಸಿಯಾಯಿತು. ಇಂಥ ಹೊತ್ತಿನಲ್ಲಿ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಆಯ್ತು ಸ್ವಾಮಿ," ಎಂದೆ ನ್ಯಾಯಾಧೀಶರಿಗೆ. "ವಕೀಲರ ಮಾತೇ ನಿಜ ಅಂತ ಇಟ್ಟುಕೊಳ್ಳೋಣ. ಪಟ್ಟಿ ಇವನದೇ, ಭಯವೂ ಇವನದೇ. ಹಾಗಾದರೆ ಅದೇ ಕಟ್ಟಿನ ಕೊನೆಯಲ್ಲಿ ಮೈ ಬಿಸಿಯ ಲೆಕ್ಕ ಇದೆ, ದಯವಿಟ್ಟು ನೋಡಬೇಕು. ಅದರ ಪ್ರಕಾರ ಈ ಗ್ಯಾನಪ್ಪನಿಗೆ ಏಳು ಸಲ ಮುಟ್ಟಾಗಿದೆ. ಎಂಟನೆಯ ಸಲಕ್ಕೆ ಇವನು ಬಸುರಿ."

ಕೋರ್ಟು ಗೊಳ್ಳೆಂದಿತು. ಹಿಂದಿನ ಬೆಂಚಿನವರು ಹೊಟ್ಟೆ ಹಿಡಿದುಕೊಂಡರು, ಪೇದೆ ಕರವಸ್ತ್ರ ಬಾಯಿಗಿಟ್ಟುಕೊಂಡ. ಇದು ಹಾಸ್ಯದ ಜಾಗವಲ್ಲ ಎಂದ ನ್ಯಾಯಾಧೀಶರ ತುಟಿಯೂ ಸೊಟ್ಟಗಾಗಿತ್ತು. ಆದರೂ ಅವರು ಹಾಳೆ ತಿರುವಿದರು. ಆ ಗೆರೆಯನ್ನೂ ಆಸ್ಪತ್ರೆಯ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಅವನ ವಕೀಲರು ಕೂತುಬಿಟ್ಟರು. ಕೇಸು ಅಲ್ಲಿಗೆ ತಿರುಗಿತು. ಆಮೇಲೆ ಗ್ಯಾನಪ್ಪನಿಗೆ ಒಂಬತ್ತು ವರ್ಷವಾಯಿತು.

ನಾನು ಗೆದ್ದ ಖುಷಿಯಲ್ಲಿ ತಿರುಗಿ ಹುಲಿಗೆಮ್ಮನನ್ನು ಹುಡುಕಿದೆ. ಅವಳು ಬಾಗಿಲ ಹತ್ತಿರ ನಿಂತಿದ್ದಳು. ಅಷ್ಟು ಜನರಲ್ಲಿ ನಗದೆ ಇದ್ದವಳು ಅವಳೊಬ್ಬಳೇ.

ಹೊರಗೆ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅವಳ ಎಡಗೈ ಮಣಿಕಟ್ಟಿನಿಂದ ಕೆಳಗೆ ಮಡಚಿಕೊಂಡೇ ಇತ್ತು, ಇನ್ನು ನೆಟ್ಟಗಾಗುವುದಿಲ್ಲ ಎಂದಿದ್ದರು.

"ಎಲ್ಲಾರೂ ನಕ್ಕರಲ್ರೀ ಮೇಡಂ," ಎಂದಳು.

"ತಪ್ಪಾತವಾ. ನನ್ನ ನಾಲಿಗಿ ಕೆಟ್ಟದ್ದು."

"ನೀವ ಏನ ಮಾಡಾಕ ಆಗತಿತ್ತರೀ." ಮಡಚಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. "ನೀವು ಅವತ್ತ ಹನ್ನೊಂದಕ್ಕ ಹೇಳಿದ್ರಿ. ಅವಾ ಒಂದಕ್ಕ ಬಂದ. ಬಸರ ಅದೀನಿ ಅಂತ ನನಗ ಗೊತ್ತಿದ್ದದ್ದು ಎರಡ ತಾಸ ಅಷ್ಟರೀ. ಅದು ಎಷ್ಟ ದಿನದ್ದಿತ್ತಂತ ನಿಮ್ಮ ಪಟ್ಟಿಗೆ ಗೊತ್ತಿರಬೇಕಲ್ರೀ?"

ಗೊತ್ತಿತ್ತು. ಗಂಡನ ಹೆಸರಿನ ಆ ಕಡತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಅದು ಬರೆದಿರಲಿಲ್ಲ.

"ಮೂವತ್ತೊಂದ ದಿನ," ಎಂದೆ.

"ಮೂವತ್ತೊಂದ ದಿನ ನನ್ನ ಕೂಡ ಇತ್ತು ಹಂಗಾದ್ರ," ಎಂದಳು ಹುಲಿಗೆಮ್ಮ.

ನಾನು ಅವಳ ಮಡಚಿದ ಕೈಯನ್ನು ಹಿಡಿದುಕೊಂಡು ಆ ಕಟ್ಟೆಯ ಮೇಲೆ, ಹೋಗಿಬರುವವರೆಲ್ಲರ ಎದುರು, ಅತ್ತುಬಿಟ್ಟೆ.